ಕ್ಲ್ಯಾಟ್ ಇಂಗ್ಲಿಷ್ ಪ್ಯಾಸೇಜ್ ಓದಿ ಮುಗಿಸೋಕೇ ಆಗ್ತಿಲ್ಲ, ಹೇಗೆ ಅಭ್ಯಾಸ ಮಾಡಲಿ?

ಹಾವೇರಿ_ಪಿಯು

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಆರ್ಟ್ಸ್, ಎಚ್‌ಇಪಿಎಸ್ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಶಿಯಾಲಜಿ). ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಪಿಯುನಲ್ಲೂ ಇಂಗ್ಲಿಷ್ ಒಂದು ಬಿಟ್ಟು ಉಳಿದದ್ದೆಲ್ಲ ಕನ್ನಡದಲ್ಲೇ ಬರೆಯೋದು. ಈ ಡಿಸೆಂಬರ್‌ನಲ್ಲಿ ಕ್ಲ್ಯಾಟ್, ಅಂದರೆ ನ್ಯಾಷನಲ್ ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ, ಬರೆಯಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಲಾ ಓದಬೇಕು ಅನ್ನೋದು ಹೈಸ್ಕೂಲಿನಿಂದ ಇರುವ ಆಸೆ. ಅರ್ಜಿ ಶುಲ್ಕವೇ 4,000 ರೂಪಾಯಿ, ಅದನ್ನು ಅಪ್ಪ ಕಟ್ಟುತ್ತೇನೆ ಅಂದಿದ್ದಾರೆ. ಅದರ ಮೇಲೆ ಕೋಚಿಂಗ್‌ಗೆ ಸುರಿಯುವಷ್ಟು ದುಡ್ಡು ನಮ್ಮ ಮನೆಯಲ್ಲಿ ಇಲ್ಲ, ಹಾಗಾಗಿ ಮನೆಯಲ್ಲೇ ಕೂತು ಓದಬೇಕು.

ಹಳೆ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಕೊಂಡು ಕೂತರೆ ಇಂಗ್ಲಿಷ್ ವಿಭಾಗದ ಮೊದಲನೇ ಪ್ಯಾಸೇಜ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ. ಒಂದೊಂದು ಪ್ಯಾಸೇಜ್ ಸುಮಾರು 450 ಪದ ಇರುತ್ತೆ. ಅರ್ಧ ಓದುವ ಹೊತ್ತಿಗೆ ಮೇಲೆ ಏನಿತ್ತು ಅನ್ನೋದೇ ಮರೆತುಹೋಗುತ್ತೆ, ಮತ್ತೆ ಮೊದಲಿಂದ ಓದ್ತೇನೆ. ಎಷ್ಟೋ ಸಲ ಒಂದೊಂದೇ ಪದ ನೋಡಿದರೆ ಎಲ್ಲಾ ಗೊತ್ತಿರೋವೇ, ಆದರೂ ಇಡೀ ವಾಕ್ಯ ಏನು ಹೇಳ್ತಿದೆ ಅಂತ ತಿಳಿಯಲ್ಲ. ಪ್ರಶ್ನೆಗೆ ಬಂದರೆ ನಾಲ್ಕರಲ್ಲಿ ಎರಡು ಉತ್ತರ ಸರಿ ಇದ್ದ ಹಾಗೇ ಕಾಣುತ್ತೆ, ನಾನು ಆರಿಸಿದ್ದು ತಪ್ಪಾಗಿರುತ್ತೆ. ಪಿಯು ಇಂಗ್ಲಿಷ್‌ನಲ್ಲಿ ನನಗೆ ಒಳ್ಳೆ ಮಾರ್ಕ್ಸೇ ಬರುತ್ತೆ, ಅದಕ್ಕೇ ಜಾಸ್ತಿ ಗೊಂದಲ ಆಗಿದೆ.

ಪರಿಚಯದವರೊಬ್ಬರು ದಿನಕ್ಕೆ 50 ಇಂಗ್ಲಿಷ್ ಪದ ಬಾಯಿಪಾಠ ಮಾಡು ಅಂದರು. ಇನ್ನೊಬ್ಬರು ಇಂಗ್ಲಿಷ್ ಪೇಪರಿನ ಎಡಿಟೋರಿಯಲ್ ಓದು ಅಂದರು, ತೆಗೆದರೆ ಒಂದು ಪ್ಯಾರಾ ದಾಟೋದೂ ಕಷ್ಟ. ಯಾವುದರಿಂದ ಶುರು ಮಾಡಲಿ? ಕನ್ನಡ ಮೀಡಿಯಂನಿಂದ ಬಂದು ಬರೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಐದನೇ_ಸೆಮಿಸ್ಟರ್

ತಂಗಿ, ನಾನೂ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದವಳು. ಈಗ ಒಂದು ಎನ್‌ಎಲ್‌ಯುನಲ್ಲಿ (ನ್ಯಾಷನಲ್ ಲಾ ಯೂನಿವರ್ಸಿಟಿ) ಮೂರನೇ ವರ್ಷ. ನಿನ್ನ ಪ್ರಶ್ನೆ ಓದಿ ಸುಮ್ನೆ ಹೋಗೋಕೆ ಆಗಲಿಲ್ಲ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ 50 ಪದದ ಪಟ್ಟಿ ಬಿಟ್ಟುಬಿಡು. ಆ ಸಲಹೆ ಕೊಟ್ಟವರ ತಲೆಯಲ್ಲಿ ಇರೋದು ಹಳೆ ಕ್ಲ್ಯಾಟ್. 2019ರ ತನಕ ಪತ್ರಿಕೆಯಲ್ಲಿ 200 ಪ್ರಶ್ನೆ ಇರುತ್ತಿದ್ದವು, ಇಂಗ್ಲಿಷ್‌ಗೆ 40. ಪದದ ಅರ್ಥ, ಗ್ರಾಮರ್ ಅಂತ ಒಂದೊಂದು ಸಾಲಿನ ಪ್ರಶ್ನೆಗಳು ಬರುತ್ತಿದ್ದ ಕಾಲ ಅದು, ಪಟ್ಟಿ ಉರು ಹೊಡೆದವರಿಗೆ ಲಾಭ ಆಗುತ್ತಿತ್ತು. 2020ರಿಂದ ಪತ್ರಿಕೆಯ ರೂಪವೇ ಬದಲಾಯಿತು. ಈಗ ಎಲ್ಲಾ ಪ್ಯಾಸೇಜ್ ಮೇಲೆ. ಪದದ ಅರ್ಥ ಕೇಳಿದರೂ ಆ ಸಾಲಿನಲ್ಲಿ ಅದು ಯಾವ ಅರ್ಥದಲ್ಲಿ ಬಂದಿದೆ ಅಂತಲೇ ಕೇಳೋದು. ಹಾಗಾಗಿ ಅಭ್ಯಾಸಕ್ಕೆ 2020 ಮತ್ತು ಆಮೇಲಿನ ಪತ್ರಿಕೆಗಳನ್ನು ಮಾತ್ರ ಇಟ್ಟುಕೋ. ಈ ಪರೀಕ್ಷೆ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟವಾದ ಕನ್ಸಾರ್ಶಿಯಂ ವೆಬ್‌ಸೈಟಿನಲ್ಲಿ ಹಳೆ ಪತ್ರಿಕೆಗಳೂ ಮಾದರಿ ಪ್ರಶ್ನೆಗಳೂ ಇವೆ. ಇವನ್ನು ಈಗಲೇ ಖಾಲಿ ಮಾಡಬೇಡ. ಕಡಿಮೆ ಇವೆ, ಕೊನೆಯ ಎರಡು ತಿಂಗಳಿಗೆ ಬೇಕಾಗುತ್ತವೆ.

ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ. ಈಗ 120 ಪ್ರಶ್ನೆ, 120 ನಿಮಿಷ. ಇಂಗ್ಲಿಷ್ ಅಂತ ಹೆಸರು ಹಾಕಿ ಕೊಡೋದು 22ರಿಂದ 26 ಪ್ರಶ್ನೆ ಅಷ್ಟೇ. ಆದರೆ ಲೀಗಲ್ ರೀಸನಿಂಗ್‌ನ 28ರಿಂದ 32 ಪ್ರಶ್ನೆ, ಲಾಜಿಕಲ್‌ನ 22ರಿಂದ 26 ಪ್ರಶ್ನೆ, ಇವೂ ಉದ್ದುದ್ದ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರಿಸುವಂಥವೇ. ಲೀಗಲ್‌ನಲ್ಲಿ ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ, ತತ್ವವನ್ನು ಪ್ಯಾಸೇಜ್‌ನಲ್ಲೇ ಕೊಟ್ಟಿರುತ್ತಾರೆ, ಅದನ್ನು ಸರಿಯಾಗಿ ಓದಿ ಸನ್ನಿವೇಶಕ್ಕೆ ಹಚ್ಚಬೇಕು. ಅಂದರೆ ನೀನು ಓದೋದು ಕಲಿತರೆ ಪತ್ರಿಕೆಯ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ತಯಾರಾದ ಹಾಗೆ. ಇಂಗ್ಲಿಷ್‌ಗೆ ದಿನಕ್ಕೆ ಅರ್ಧ ಗಂಟೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡ.

ಈಗ ಏನು ಓದಬೇಕು ಅನ್ನೋದು. ಎಡಿಟೋರಿಯಲ್ ಸದ್ಯಕ್ಕೆ ಬೇಡ. ವಿಷಯವೂ ಹೊಸದು, ಭಾಷೆಯೂ ಕಷ್ಟ ಅಂದರೆ ಎರಡೂ ಕೈಗೆ ಸಿಗಲ್ಲ. ನೀನು ಪಿಯುನಲ್ಲಿ ಕನ್ನಡದಲ್ಲಿ ಓದ್ತಿರುವ ಹಿಸ್ಟರಿ, ಪೊಲಿಟಿಕಲ್ ಸೈನ್ಸ್ ಪುಸ್ತಕಗಳು ಇಂಗ್ಲಿಷ್‌ನಲ್ಲೂ ಇವೆ, ಇಲಾಖೆಯೇ ಎರಡೂ ಭಾಷೆಯಲ್ಲಿ ತಂದಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೀಡಿಯಂ ಹುಡುಗರ ಹತ್ತಿರ ಪುಸ್ತಕ ಕೇಳು. ಈ ವಾರ ಕ್ಲಾಸಿನಲ್ಲಿ ಮುಗಿದ ಪಾಠವನ್ನೇ ಇಂಗ್ಲಿಷ್‌ನಲ್ಲಿ ಓದು. ವಿಷಯ ಗೊತ್ತಿರುವುದರಿಂದ ನಿನ್ನ ಗಮನ ಪೂರ್ತಿ ವಾಕ್ಯದ ಮೇಲೆ ಇರುತ್ತೆ, ಪರಿಚಯ ಇಲ್ಲದ ಪದ ಬಂದರೂ ಮುಂದಿನ ಸಾಲಿನಿಂದ ಅದರ ಅರ್ಥ ಊಹಿಸೋಕೆ ಬರುತ್ತೆ. ಪರೀಕ್ಷೆಯಲ್ಲಿ ಮಾಡಬೇಕಾದ ಕೆಲಸವೂ ಅದೇ ತಾನೇ. ಜೊತೆಗೆ ಬೋರ್ಡ್ ಪರೀಕ್ಷೆಗೆ ರಿವಿಶನ್ ಕೂಡ ಆಗುತ್ತೆ.

ಅದು ಸ್ವಲ್ಪ ಸಲೀಸಾದ ಮೇಲೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಪೊಲಿಟಿಕಲ್ ಸೈನ್ಸ್, ಸೋಶಿಯಾಲಜಿ ಪುಸ್ತಕಗಳಿಗೆ ಹೋಗು. ಅವರ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ. ಆಮೇಲೆ ಪೇಪರ್. ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಓದಿದ ಸುದ್ದಿಯನ್ನೇ ಸಂಜೆ ಇಂಗ್ಲಿಷ್‌ನಲ್ಲಿ ಹುಡುಕಿ ಓದು. ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಯಾವ ಪೇಪರ್ ಬರುತ್ತೆ ಅಂತ ಒಮ್ಮೆ ಹೋಗಿ ನೋಡು, ಇಂಗ್ಲಿಷ್ ಪೇಪರ್ ಇಲ್ಲದಿದ್ದರೆ ತರಿಸೋಕೆ ಗ್ರಂಥಪಾಲಕರನ್ನು ಕೇಳು. ಎಡಿಟೋರಿಯಲ್ ಇವೆಲ್ಲ ಆದಮೇಲೆ, ದಸರಾ ಹೊತ್ತಿಗೆ ಬಂದರೂ ತಡ ಅಲ್ಲ.

ಓದುವಾಗ ಒಂದು ಕೆಲಸ ಮಾತ್ರ ತಪ್ಪದೇ ಮಾಡು. ಒಂದು ಪ್ಯಾರಾ ಮುಗಿದ ತಕ್ಷಣ ಪುಸ್ತಕದಿಂದ ಕಣ್ಣು ತೆಗೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಒಂದು ಸಾಲು ಬರಿ. ಆ ಪ್ಯಾರಾದಲ್ಲಿ ಲೇಖಕ ಏನು ಮಾಡಿದ ಅಂತ. 'ಹಳೆ ಕಾನೂನು ಹೇಗಿತ್ತು ಹೇಳಿದ', 'ಅದರಿಂದ ಆದ ತೊಂದರೆ ಹೇಳಿದ', 'ಆದರೂ ಅದನ್ನು ಪೂರ್ತಿ ತೆಗೆಯೋದು ಬೇಡ ಅಂದ' ಹೀಗೆ. ಬರೆಯೋಕೆ ಬರಲಿಲ್ಲ ಅಂದರೆ ಆ ಪ್ಯಾರಾ ಅರ್ಥ ಆಗಿಲ್ಲ ಅಂತ ಲೆಕ್ಕ, ಅದೊಂದನ್ನು ಮಾತ್ರ ಮತ್ತೆ ಓದು. ಮೇಲಿನದು ಮರೆತುಹೋಗುತ್ತೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ನನಗೆ ಗೊತ್ತಿರುವ ಔಷಧ ಇದೊಂದೇ. ಮೊದಮೊದಲು ಒಂದು ಪ್ಯಾಸೇಜ್‌ಗೆ ಅರ್ಧ ಗಂಟೆ ಹಿಡಿಯುತ್ತೆ. ಹಿಡಿಯಲಿ.

ಟೈಮರ್_ಆನ್

ಮೇಲಿನ ಅಕ್ಕ ಹೇಳಿದ್ದು ಹೆಚ್ಚಿನದೆಲ್ಲ ಸರಿ, ಆದರೆ ಕೊನೆಯ ಮಾತು ಒಪ್ಪಲ್ಲ. ಒಂದು ಪ್ಯಾಸೇಜ್‌ಗೆ ಅರ್ಧ ಗಂಟೆ ಅಂತ ರೂಢಿ ಮಾಡಿಕೊಂಡರೆ ಡಿಸೆಂಬರ್‌ನಲ್ಲಿ ಏನು ಮಾಡ್ತಾರೆ? ಲೆಕ್ಕ ನೋಡಿ. ಇಂಗ್ಲಿಷ್‌ನಲ್ಲಿ ನಾಲ್ಕು ಪ್ಯಾಸೇಜ್, 24 ಪ್ರಶ್ನೆ ಬಂತು ಅಂತ ಇಟ್ಟುಕೊಳ್ಳಿ. ಪ್ರಶ್ನೆಗೆ ಒಂದು ನಿಮಿಷದ ಲೆಕ್ಕದಲ್ಲಿ 24 ನಿಮಿಷ, ಅಂದರೆ ಒಂದು ಪ್ಯಾಸೇಜ್‌ಗೆ ಪ್ರಶ್ನೆಗಳನ್ನೂ ಸೇರಿಸಿ ಆರು ನಿಮಿಷ. ಓದೋಕೇ ಐದರಿಂದ ಏಳು ನಿಮಿಷ ಬೇಕಾಗುವ ಮಟ್ಟದ ಪ್ಯಾಸೇಜ್ ಅಂತ ಕನ್ಸಾರ್ಶಿಯಂ ತಾನೇ ಹೇಳುತ್ತೆ. ಹಾಗಾದರೆ ಸಮಯ ಎಲ್ಲಿಂದ ತರೋದು?

ನನ್ನ ಪ್ರಕಾರ ಮೊದಲ ದಿನದಿಂದಲೇ ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡು ಓದಬೇಕು. ಎಂಟು ನಿಮಿಷ ಇಡಿ, ಮುಗಿಯಲಿಲ್ಲ ಅಂದರೂ ನಿಲ್ಲಿಸಿ. ವಾರಕ್ಕೊಂದು ಪೂರ್ತಿ ಮಾಕ್ ಟೆಸ್ಟ್, ಎರಡು ಗಂಟೆ ಮಧ್ಯದಲ್ಲಿ ಏಳದೇ ಕೂತು ಬರೆಯಿರಿ. ಆ ಒತ್ತಡ ಅಭ್ಯಾಸ ಆಗದೇ ಇದ್ದರೆ ಎಷ್ಟು ಓದಿದರೂ ಹಾಲ್‌ನಲ್ಲಿ ಕೈ ನಡುಗುತ್ತೆ. ಇದು ಕಂಪ್ಯೂಟರ್ ಪರೀಕ್ಷೆ ಅಲ್ಲ, ಪ್ರಶ್ನೆ ಪೇಪರಿನಲ್ಲಿ, ಉತ್ತರ ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ವೃತ್ತ ತುಂಬಿ. ಪ್ರಿಂಟ್ ಹಾಕಿಸಿ ಅಭ್ಯಾಸ ಮಾಡಿ. ಮೊಬೈಲ್ ಸ್ಕ್ರೀನ್‌ನಲ್ಲಿ ಓದೋದಕ್ಕೂ ಪೇಪರಿನಲ್ಲಿ ಗೆರೆ ಎಳೆದು ಓದೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಇಂಗ್ಲಿಷ್_ಮೇಡಂ

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಈ ಪ್ರಶ್ನೆ ಕೇಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ, ಅದಕ್ಕೇ ಬರೆಯಬೇಕು ಅನ್ನಿಸಿತು.

ಪುಟ್ಟಿ, ಪಿಯು ಇಂಗ್ಲಿಷ್‌ನಲ್ಲಿ ಮಾರ್ಕ್ಸ್ ಬಂದು ಕ್ಲ್ಯಾಟ್‌ನಲ್ಲಿ ಬರದೇ ಇರೋದು ನಿನ್ನೊಬ್ಬಳ ಕಥೆ ಅಲ್ಲ. ನಮ್ಮ ಬೋರ್ಡ್ ಪತ್ರಿಕೆಯಲ್ಲಿ ಪ್ಯಾಸೇಜ್ ಕೊಟ್ಟು ಕೇಳುವ ಪ್ರಶ್ನೆಗಳು ಯಾರು, ಎಲ್ಲಿ, ಯಾವಾಗ ಅನ್ನೋ ಥರದವು. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾಸೇಜ್‌ನಲ್ಲಿ ಹುಡುಕಿ ಆ ಸಾಲು ಎತ್ತಿ ಬರೆದರೆ ಮಾರ್ಕ್ಸ್ ಬಂತು. ಪಾಠದ ಪ್ರಶ್ನೆಗಳಿಗೆ ನೋಟ್ಸ್ ಇದ್ದೇ ಇರುತ್ತೆ. ಕ್ಲ್ಯಾಟ್‌ನಲ್ಲಿ ಲೇಖಕರ ಮುಖ್ಯ ವಾದ ಏನು, ಅವರು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಒಪ್ಪಲ್ಲ, ಹೇಳದೇ ಹೋದರೂ ಅವರ ಮಾತಿನಿಂದ ಏನು ಹೊರಡುತ್ತೆ ಅಂತ ಕೇಳುತ್ತಾರೆ. ಇಲ್ಲಿ ಸಾಲು ಎತ್ತಿ ಕೊಟ್ಟರೆ ಉತ್ತರ ಆಗಲ್ಲ. ನಾವು ಕ್ಲಾಸಿನಲ್ಲಿ ಇದನ್ನು ಸಾಕಷ್ಟು ಮಾಡಿಸಲ್ಲ, ಸಿಲಬಸ್ ಮುಗಿಸೋದೇ ಆಗುತ್ತೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಎರಡು ಉತ್ತರ ಸರಿ ಅಂತ ಕಾಣುತ್ತೆ ಅಂದೆಯಲ್ಲ, ಅದಕ್ಕೆ ಒಂದು ಉದಾಹರಣೆ ಕನ್ನಡದಲ್ಲೇ ಬರೆದು ತೋರಿಸುತ್ತೇನೆ. ಇದು ಇಂಗ್ಲಿಷ್‌ಗಿಂತ ಜಾಸ್ತಿ ಓದುವ ರೀತಿಗೆ ಸೇರಿದ ವಿಷಯ. ಪ್ಯಾಸೇಜ್ ಹೀಗಿದೆ ಅಂತ ಇಟ್ಟುಕೋ:

'ಊರಿನ ಕೆರೆ ಹಾಳಾಗಿದ್ದಕ್ಕೆ ಸರ್ಕಾರವನ್ನು ಮಾತ್ರ ದೂರುವುದು ಸುಲಭ. ಹಿಂದೆ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಊರವರೇ ಹೂಳೆತ್ತಿ ತಮ್ಮ ಹೊಲಗಳಿಗೆ ಹಾಕಿಕೊಳ್ಳುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ನೀರು ಅವರವರ ಹೊಲದಲ್ಲೇ ಸಿಕ್ಕಿತು. ಕೆರೆಯ ಕಡೆ ಹೋಗುವ ಕೆಲಸವೇ ಉಳಿಯಲಿಲ್ಲ.'

ಪ್ರಶ್ನೆ: ಲೇಖಕರ ಮುಖ್ಯ ಮಾತು ಯಾವುದು?

ಎ) ಕೆರೆಗಳು ಹಾಳಾಗಲು ಕೊಳವೆಬಾವಿಯೊಂದೇ ಕಾರಣ.
ಬಿ) ಕೆರೆ ಹಾಳಾದದ್ದರಲ್ಲಿ ಸರ್ಕಾರದ ತಪ್ಪೇನೂ ಇಲ್ಲ.
ಸಿ) ಜನರಿಗೆ ಕೆರೆಯ ಅಗತ್ಯ ಕಡಿಮೆಯಾದಂತೆ ಅದರ ಆರೈಕೆಯೂ ನಿಂತಿತು.
ಡಿ) ಪ್ರತಿ ಊರಿನಲ್ಲೂ ಮತ್ತೆ ನೀರಗಂಟಿಯನ್ನು ನೇಮಿಸಬೇಕು.

ಡಿ ಓದಿದರೆ ಹೌದಲ್ವಾ, ಒಳ್ಳೆ ಸಲಹೆ ಅನ್ನಿಸುತ್ತೆ. ಆದರೆ ಲೇಖಕರು ಎಲ್ಲೂ ಹಾಗೆ ಹೇಳಿಲ್ಲ, ಅದು ನಮ್ಮ ಮನಸ್ಸಿನಲ್ಲಿ ಹುಟ್ಟಿದ್ದು. ಬಿ ನೋಡು. 'ಸರ್ಕಾರವನ್ನು ಮಾತ್ರ ದೂರುವುದು ಸುಲಭ' ಅಂದರೆ ಸರ್ಕಾರದ್ದೂ ತಪ್ಪಿರಬಹುದು, ಅದರ ಜೊತೆ ಬೇರೆಯೂ ಇದೆ ಅಂತ. 'ಮಾತ್ರ' ಅನ್ನೋ ಒಂದು ಪದ ಕಣ್ಣು ತಪ್ಪಿದರೆ ಬಿ ಸರಿ ಅನ್ನಿಸಿಬಿಡುತ್ತೆ. ಎ ಇನ್ನೂ ಮೋಸದ್ದು, ಯಾಕೆಂದರೆ ಕೊಳವೆಬಾವಿಯ ಮಾತು ಪ್ಯಾಸೇಜ್‌ನಲ್ಲಿ ಇದೆ. ಆದರೆ 'ಒಂದೇ ಕಾರಣ' ಅಂತ ಲೇಖಕರು ಹೇಳಿಲ್ಲ, ಪ್ರಶ್ನೆ ಮಾಡಿದವರು ಅದನ್ನು ಸೇರಿಸಿದ್ದಾರೆ. ಸಿ ಒಳಗಿನ ಮಾತುಗಳು ಹಾಗೇ ಪ್ಯಾಸೇಜ್‌ನಲ್ಲಿ ಇಲ್ಲ, ಆದರೂ ಐದು ವಾಕ್ಯಗಳೂ ಸೇರಿ ಹೇಳ್ತಿರೋದು ಅದನ್ನೇ.

ನಿನ್ನ ಗೊಂದಲದ ಬಹುಪಾಲು ಇಲ್ಲೇ ಇದೆ. ತಪ್ಪು ಉತ್ತರಗಳು ಹೆಚ್ಚಾಗಿ ಇದೇ ಮೂರು ರೀತಿ ಇರುತ್ತವೆ. ಹೇಳಿದ್ದಕ್ಕಿಂತ ಜಾಸ್ತಿ ಹೇಳೋದು, ಹೇಳಿದ್ದನ್ನು ತಿರುಗಿಸಿ ಹೇಳೋದು, ಲೋಕದಲ್ಲಿ ನಿಜ ಆದರೆ ಪ್ಯಾಸೇಜ್‌ನಲ್ಲಿ ಇಲ್ಲದ್ದನ್ನು ಹೇಳೋದು. ಅಭ್ಯಾಸ ಮಾಡುವಾಗ ಸರಿ ಉತ್ತರಕ್ಕೆ ಟಿಕ್ ಹಾಕಿ ಮುಂದೆ ಹೋಗಬೇಡ. ಉಳಿದ ಮೂರರ ಎದುರು ಯಾಕೆ ತಪ್ಪು ಅಂತ ಎರಡೆರಡು ಪದ ಬರಿ. 'ಜಾಸ್ತಿ', 'ಉಲ್ಟಾ', 'ಇಲ್ಲ' ಅಂತ ಬರೆದರೂ ಸಾಕು. ಇಂಗ್ಲಿಷ್‌ನಲ್ಲಿ ಓನ್ಲಿ, ಆಲ್ವೇಸ್, ನೆವರ್, ಮಿಯರ್ಲಿ, ಹಾರ್ಡ್ಲಿ ಅನ್ನೋ ಪದಗಳು ಬಂದಲ್ಲೆಲ್ಲ ಪೆನ್ಸಿಲ್ ನಿಲ್ಲಲಿ. ಹವೆವರ್, ಆಲ್‌ದೋ, ನೆವರ್‌ದಿಲೆಸ್ ಬಂದರೆ ಲೇಖಕರು ತಿರುವು ತಗೊಂಡರು ಅಂತ ಅರ್ಥ. ಸಾಮಾನ್ಯವಾಗಿ ಅವರ ಸ್ವಂತ ಅಭಿಪ್ರಾಯ ಇರೋದು ಆ ತಿರುವಿನ ಆಚೆ.

ಪದ ಗೊತ್ತಿದ್ದೂ ವಾಕ್ಯ ತಿಳಿಯಲ್ಲ ಅನ್ನೋದಕ್ಕೂ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ವಿವರಣೆ ಎಲ್ಲಾ ಹೆಸರಿನ ಮುಂಚೆ ಬಂದಿರುತ್ತೆ. 'ಸಾಕ್ಷಿಯನ್ನು ಮೊದಲು ಅನುಮಾನಿಸಿದ್ದ ನ್ಯಾಯಾಧೀಶರು ಅವನ ಹೇಳಿಕೆಯನ್ನು ಒಪ್ಪಿದರು.' ಇಂಗ್ಲಿಷ್‌ನಲ್ಲಿ ಇದೇ ವಾಕ್ಯ 'ದ ಜಡ್ಜ್, ಹೂ ಹ್ಯಾಡ್ ಅರ್ಲಿಯರ್ ಡೌಟೆಡ್ ದ ವಿಟ್ನೆಸ್, ಅಕ್ಸೆಪ್ಟೆಡ್ ಹಿಸ್ ಸ್ಟೇಟ್‌ಮೆಂಟ್' ಅಂತ ಆಗುತ್ತೆ. ಜಡ್ಜ್ ಒಂದು ಕಡೆ, ಅವರು ಮಾಡಿದ ಕೆಲಸ ಇನ್ನೊಂದು ಕಡೆ, ನಡುವೆ ಎರಡು ಕಾಮಾಗಳ ಒಳಗೆ ಬೇರೆ ವಿಷಯ. ಓದುವವರು ಡೌಟೆಡ್ ಅನ್ನೋದನ್ನೇ ಮುಖ್ಯ ಕೆಲಸ ಅಂದುಕೊಂಡರೆ ಮುಗಿಯಿತು, ಅರ್ಥ ತಲೆಕೆಳಗಾಯಿತು. ಉದ್ದ ವಾಕ್ಯ ಬಂದಾಗ ಕಾಮಾಗಳ ನಡುವಿನದ್ದನ್ನು ಬೆರಳಿನಿಂದ ಮುಚ್ಚಿ ಓದು. ಯಾರು, ಏನು ಮಾಡಿದರು ಅನ್ನೋ ಬೆನ್ನೆಲುಬು ಸಿಕ್ಕಿದ ಮೇಲೆ ಬೆರಳು ತೆಗೆ. ದಿನಕ್ಕೆ ಐದಾರು ಉದ್ದ ವಾಕ್ಯಗಳನ್ನು ಹೀಗೆ ಬಿಡಿಸು, ಗ್ರಾಮರ್ ಪುಸ್ತಕಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತೆ.

ಟೈಮರ್ ವಿಷಯ. ಟೈಮರ್ ಇಟ್ಟ ತಕ್ಷಣ ಓದು ವೇಗ ಆಗಲ್ಲ, ಕಣ್ಣು ಮಾತ್ರ ವೇಗವಾಗಿ ಓಡುತ್ತೆ. ಅರ್ಥ ಆಗದವರು ಬೇಗ ಓದಿದರೆ ಬೇಗ ಅರ್ಥ ಆಗದೇ ಹೋಗುತ್ತೆ, ಅಷ್ಟೇ. ಮೊದಲ ಎರಡು ತಿಂಗಳು ಗಡಿಯಾರದ ಸಹವಾಸ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವೇಗ ಬರೋದು ವಾಕ್ಯಗಳ ಪರಿಚಯದಿಂದ. ಆದರೆ ಸೆಪ್ಟೆಂಬರ್ ಮೇಲೆ ಅವರು ಹೇಳಿದ ಹಾಗೆ ಎರಡು ಗಂಟೆ ಕೂತು ಪ್ರಿಂಟ್ ಮೇಲೆ ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಟೈಮರ್_ಆನ್

ಮೇಡಂ, ಒಪ್ಪಿದೆ. ನಾನು ಹೇಳಿದ್ದು ಸ್ವಲ್ಪ ಇಂಗ್ಲಿಷ್ ಹಿಡಿತ ಇರುವವರಿಗೆ ಸರಿ ಹೋಗುತ್ತೆ. ಇವರಿಗೆ ಮೊದಲು ನಿಧಾನ, ಆಮೇಲೆ ಟೈಮರ್ ಅನ್ನೋದೇ ಸರಿ. ಆದರೆ ದಿನಾ ಎಷ್ಟು ಹೊತ್ತು ಹಿಡಿಯಿತು ಅಂತ ಮೂಲೆಯಲ್ಲಿ ಬರೆದಿಡೋದರಲ್ಲಿ ತಪ್ಪಿಲ್ಲ. ಓಡಬೇಕು ಅಂತ ಅಲ್ಲ, ಕಡಿಮೆ ಆಗ್ತಾ ಇದೆ ಅಂತ ಕಂಡರೆ ಧೈರ್ಯ ಬರುತ್ತೆ.

ಹಾವೇರಿ_ಪಿಯು

ಅಕ್ಕ, ಮೇಡಂ, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆರೆಯ ಉದಾಹರಣೆ ನೋಡಿದಾಗ ನಾನೂ ಮೊದಲು ಬಿ ಅಂತಲೇ ಅಂದುಕೊಂಡೆ, ಆಮೇಲೆ 'ಮಾತ್ರ' ಕಾಣಿಸಿತು. ಕಾಲೇಜಿನಲ್ಲಿ ಇಂಗ್ಲಿಷ್ ಮೀಡಿಯಂ ಗೆಳತಿ ಹಿಸ್ಟರಿ ಪುಸ್ತಕ ಕೊಡ್ತೇನೆ ಅಂದಿದ್ದಾಳೆ.

ಇನ್ನು ಮೂರು ಕೇಳೋದಿದೆ. ಕೆಲವು ಪ್ಯಾಸೇಜ್ ಕಥೆ, ಕಾದಂಬರಿಯಿಂದ ತೆಗೆದದ್ದು ಇರುತ್ತೆ, ಅದರಲ್ಲಿ ವಾದವೇ ಇರಲ್ಲ, ಒಬ್ಬಳು ಕಿಟಕಿ ಹತ್ತಿರ ನಿಂತಿರುತ್ತಾಳೆ, ಯಾರೋ ಬರುತ್ತಾರೆ, ಅಷ್ಟೇ. ಅಂಥದ್ದಕ್ಕೆ ಒಂದು ಸಾಲಿನ ಟಿಪ್ಪಣಿ ಏನು ಬರೆಯೋದು? ಎರಡನೇದು, ಮೊದಲು ಪ್ರಶ್ನೆ ಓದಬೇಕಾ ಪ್ಯಾಸೇಜ್ ಓದಬೇಕಾ? ಮೂರನೇದು, ನೆಗೆಟಿವ್ ಮಾರ್ಕಿಂಗ್ ಭಯಕ್ಕೆ ನಾನು ತುಂಬಾ ಪ್ರಶ್ನೆ ಬಿಟ್ಟುಬಿಡ್ತೇನೆ, ಅದು ಸರಿಯಾ?

ಇಂಗ್ಲಿಷ್_ಮೇಡಂ

ಕಥೆಯ ಪ್ಯಾಸೇಜ್‌ನಲ್ಲಿ ವಾದ ಹುಡುಕಬೇಡ. ಮೂರು ವಿಷಯ ಹುಡುಕು: ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ಏನಿದೆ, ಮೊದಲಿನಿಂದ ಕೊನೆಗೆ ಬರುವಾಗ ಮನಸ್ಸು ಎಲ್ಲಿ ಬದಲಾಯಿತು. ಕಿಟಕಿ ಹತ್ತಿರ ನಿಂತವಳು ಕಾಯುತ್ತಿದ್ದಾಳಾ, ಹೆದರಿದ್ದಾಳಾ? ಅದನ್ನು ಲೇಖಕರು ನೇರವಾಗಿ ಹೇಳಲ್ಲ. ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದಳು, ಗೇಟಿನ ಸದ್ದಾದರೆ ತಿರುಗುತ್ತಿದ್ದಳು ಅಂತ ಬರೆದಿರುತ್ತಾರೆ, ಅದರಿಂದ ನಾವು ತಿಳಿಯಬೇಕು. ಕನ್ನಡ ಕಥೆಗಳನ್ನು ಓದುವ ಹುಡುಗಿ ಆದರೆ ಈ ಕೆಲಸ ನಿನಗೆ ಆಗಲೇ ಬರುತ್ತೆ. ಓದದೇ ಇದ್ದರೆ ಈಗಲೂ ಓದು, ಪರೀಕ್ಷೆ ಇಂಗ್ಲಿಷ್‌ನಲ್ಲಿ ಇದೆ ಅಂತ ಕನ್ನಡದ ಓದು ನಿಲ್ಲಿಸೋದು ದೊಡ್ಡ ನಷ್ಟ. ಎರಡೂ ಭಾಷೆಯಲ್ಲಿ ಓದುವ ತಲೆ ಒಂದೇ.

ಪ್ರಶ್ನೆ ಮೊದಲಾ ಪ್ಯಾಸೇಜ್ ಮೊದಲಾ ಅನ್ನೋದಕ್ಕೆ ನನ್ನ ಮಾತು: ಮುಖ್ಯ ವಿಚಾರ ಕೇಳುವ ಪ್ರಶ್ನೆಗಳು ಜಾಸ್ತಿ ಇರುವಾಗ ಪ್ರಶ್ನೆ ಮೊದಲು ಓದಿ ಪ್ರಯೋಜನ ಇಲ್ಲ, ಆರು ಪ್ರಶ್ನೆಗಳನ್ನು ತಲೆಯಲ್ಲಿ ಹೊತ್ತುಕೊಂಡು ಓದಬೇಕಾಗುತ್ತೆ. ಪ್ಯಾಸೇಜ್ ಒಂದು ಸಲ ಪೂರ್ತಿ ಓದು, ಆಮೇಲೆ ಪ್ರಶ್ನೆ, ಆಮೇಲೆ ಬೇಕಾದ ಪ್ಯಾರಾಗೆ ಮಾತ್ರ ವಾಪಸ್ ಹೋಗು. ಪದದ ಅರ್ಥ ಕೇಳಿದ್ದರೆ ಮಾತ್ರ ಸೀದಾ ಆ ಸಾಲಿಗೆ ಹೋಗಬಹುದು.

ಐದನೇ_ಸೆಮಿಸ್ಟರ್

ನೆಗೆಟಿವ್ ಮಾರ್ಕಿಂಗ್ ಬಗ್ಗೆ ನಾನು ಹೇಳ್ತೇನೆ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಹೋಗುತ್ತೆ. ಅಂದರೆ ನಾಲ್ಕು ತಪ್ಪಾದರೆ ಒಂದು ಸರಿ ಹೋದ ಹಾಗೆ. ಮೇಡಂ ಹೇಳಿದ ರೀತಿಯಲ್ಲಿ ಎರಡು ಆಯ್ಕೆಗಳನ್ನು ಹೊಡೆದುಹಾಕಿ ಎರಡು ಉಳಿದವು ಅಂದುಕೋ. ಅಂಥ ಹತ್ತು ಪ್ರಶ್ನೆಗಳಲ್ಲಿ ಐದು ಸರಿ ಐದು ತಪ್ಪಾದರೂ 5 ಬಂತು, 1.25 ಹೋಯಿತು, ಕೈಯಲ್ಲಿ 3.75 ಉಳಿಯಿತು. ಬಿಟ್ಟಿದ್ದರೆ ಸೊನ್ನೆ. ಹಾಗಾಗಿ ಎರಡು ಹೊಡೆದುಹಾಕಿದ ಮೇಲೆ ಬಿಡಲೇಬೇಡ. ಒಂದೂ ಹೊಡೆಯೋಕೆ ಆಗದೇ ಇದ್ದರೆ ಅದರ ಮೇಲೆ ಸಮಯ ಹಾಕಬೇಡ, ಮುಂದೆ ಹೋಗು.

ಇನ್ನು ಸಮಯ ಎಲ್ಲಿಂದ ತರೋದು ಅಂತ ಟೈಮರ್ ಅಣ್ಣ ಕೇಳಿದ್ದರಲ್ಲ, ಅದಕ್ಕೆ ಉತ್ತರ ಇದೆ. ಕರೆಂಟ್ ಅಫೇರ್ಸ್ ವಿಭಾಗದಲ್ಲೂ ಪ್ಯಾಸೇಜ್ ಕೊಡುತ್ತಾರೆ, 28ರಿಂದ 32 ಪ್ರಶ್ನೆ. ಆದರೆ ಅಲ್ಲಿ ಹೆಚ್ಚಿನ ಉತ್ತರ ಪ್ಯಾಸೇಜ್‌ನಲ್ಲಿ ಇರಲ್ಲ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸೀದಾ ಪ್ರಶ್ನೆಗೆ ಹೋಗಿ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸಬಹುದು. ಅಲ್ಲಿ ಉಳಿದ ಹದಿನೈದು ಇಪ್ಪತ್ತು ನಿಮಿಷವನ್ನು ಇಂಗ್ಲಿಷ್‌ಗೂ ಲೀಗಲ್‌ಗೂ ಹಂಚು. ಆಗ ಒಂದು ಇಂಗ್ಲಿಷ್ ಪ್ಯಾಸೇಜ್‌ಗೆ ಆರರ ಬದಲು ಎಂಟು ನಿಮಿಷ ಸಿಗುತ್ತೆ. ದಿನಾ ಕನ್ನಡ ಪೇಪರ್ ಓದ್ತಾ ಇದ್ದರೆ ಆ ವಿಭಾಗಕ್ಕೆ ನೀನು ಅರ್ಧ ತಯಾರಾಗೇ ಇರ್ತೀಯ, ಅಲ್ಲಿ ಮೀಡಿಯಂ ಲೆಕ್ಕಕ್ಕೆ ಬರಲ್ಲ.

ಹುಬ್ಬಳ್ಳಿ_ಕಪ್ಪುಕೋಟು

ವಕೀಲನಾಗಿ ಒಂದೆರಡು ಮಾಹಿತಿ ಸೇರಿಸುತ್ತೇನೆ. ಐಡಿಐಎ ಅಂತ ಒಂದು ಸಂಸ್ಥೆ ಇದೆ ತಂಗಿ, ಕಾನೂನು ಪ್ರಾಧ್ಯಾಪಕರಾಗಿದ್ದ ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ್ದು. ಅನುಕೂಲ ಇಲ್ಲದ ಮನೆಯ ಮಕ್ಕಳನ್ನು ಆಯ್ಕೆ ಮಾಡಿ ಕ್ಲ್ಯಾಟ್‌ಗೆ ಉಚಿತವಾಗಿ ತರಬೇತಿ ಕೊಡುತ್ತಾರೆ, ಲಾ ಕಾಲೇಜಿನ ವಿದ್ಯಾರ್ಥಿಗಳೇ ಹೇಳಿಕೊಡುತ್ತಾರೆ. ಅವರ ವೆಬ್‌ಸೈಟ್ ನೋಡಿ ಕರ್ನಾಟಕದವರನ್ನು ಸಂಪರ್ಕಿಸಿ, ಕೇಳೋಕೆ ಸಂಕೋಚ ಬೇಡ.

ಓದೋಕೆ ಇನ್ನೊಂದು ಸಾಮಗ್ರಿ. ನಮ್ಮ ಸಂವಿಧಾನ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಮೂಲಭೂತ ಹಕ್ಕುಗಳ ಭಾಗ, 14ರಿಂದ 32ನೇ ವಿಧಿಯವರೆಗೆ, ಪಕ್ಕಪಕ್ಕ ಇಟ್ಟುಕೊಂಡು ಓದಿ. ಇಂಗ್ಲಿಷ್ ಕಾನೂನಿನ ವಾಕ್ಯ ಹೇಗೆ ಕಟ್ಟಿರುತ್ತಾರೆ, ಷರತ್ತು ಎಲ್ಲಿ ಬರುತ್ತೆ, ವಿನಾಯಿತಿ ಎಲ್ಲಿ ಬರುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ. 19ನೇ ವಿಧಿ ತೆಗೆದುಕೊಳ್ಳಿ. ಮೊದಲು ಹಕ್ಕು ಕೊಡುತ್ತೆ, ಆಮೇಲೆ ಅದಕ್ಕೆ ಯಾವ ನಿರ್ಬಂಧ ಹಾಕಬಹುದು ಹೇಳುತ್ತೆ. ಲೀಗಲ್ ಪ್ಯಾಸೇಜ್‌ಗಳ ನಡೆಯೂ ಸುಮಾರು ಹೀಗೇ ಇರುತ್ತೆ.

ಐದನೇ_ಸೆಮಿಸ್ಟರ್

ಸರ್ ಹೇಳಿದ ಎರಡೂ ಮಾಡು. ಇನ್ನೊಂದು ಮರೆತಿದ್ದೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟು ಮೀಸಲಿದೆ. ಒಂದನೇ ತರಗತಿಯಿಂದ ಇಲ್ಲೇ ಓದಿದವಳು ನೀನು, ನಿನಗೆ ಅದು ಅನ್ವಯಿಸುತ್ತೆ. ಅರ್ಜಿ ತುಂಬುವಾಗ ಆ ಕಾಲಂ ಬಿಟ್ಟುಬಿಡಬೇಡ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ, ಕೊನೆ ಗಳಿಗೆಯಲ್ಲಿ ಹೆಡ್‌ಮಾಸ್ಟರ್ ಸಹಿಗೆ ಓಡಾಡೋದು ಬೇಡ.

ಹಿಸ್ಟರಿ ಪುಸ್ತಕದ ಮೊದಲ ಪಾಠ ಮುಗಿದ ಮೇಲೆ ನೀನು ಬರೆದ ಒಂದೊಂದು ಸಾಲಿನ ಟಿಪ್ಪಣಿಗಳನ್ನು ಇಲ್ಲೇ ಹಾಕು. ಎಲ್ಲಿ ಅರ್ಥ ಜಾರಿದೆ ಅಂತ ನಾನೂ ಮೇಡಂ ಇಬ್ಬರೂ ನೋಡಿ ಹೇಳ್ತೇವೆ.